ಹೆಡ್‌ಸ್ಕ್ರ್ಯಾಚರ್ ಮಾಸ್ತರರು

ಸವದತ್ತಿಯಲ್ಲಿ ನಾನು ಗಣಿತ ಕಲಿಸುತ್ತಿದ್ದ ಶಾಲೆಗೆ ಬಂದ ಇಂಗ್ಲಿಷ್ ಮಾಸ್ತರರೊಬ್ಬರು ಮೊಬೈಲಿನಲ್ಲಿ ಒಂದು ಪದ ಕಲಿತಿದ್ದರು: ಹೆಡ್‌ಸ್ಕ್ರ್ಯಾಚರ್. ತಲೆ ಕೆರೆದುಕೊಳ್ಳುವಂಥ ಒಗಟಿನ ಸಂಗತಿಗೆ ಇಂಗ್ಲಿಷಿನವರು ಸಲಿಗೆಯಲ್ಲಿ ಹಾಗೆನ್ನುತ್ತಾರಂತೆ. ಅದನ್ನು ಬಳಸಿ ಮಕ್ಕಳಿಂದ ವಾಕ್ಯ ಬರೆಸಿದ್ದು ಸಾಲದೆ ತಾವೂ ದಿನವಿಡೀ ವಾಕ್ಯ ಮಾಡುತ್ತಿದ್ದರು. ಚಹಾ ತಡವಾದರೂ ಹೆಡ್‌ಸ್ಕ್ರ್ಯಾಚರ್, ಫ್ಯಾನ್ ನಿಂತರೂ ಹೆಡ್‌ಸ್ಕ್ರ್ಯಾಚರ್. ತಲೆಯನ್ನು ಮಾತ್ರ ಎಂದೂ ಕೆರೆದುಕೊಳ್ಳಲಿಲ್ಲ. ಎಣ್ಣೆ ಹಚ್ಚಿ ಬಾಚಿದ ಕ್ರಾಪು ಕೆಡುತ್ತಿತ್ತಲ್ಲ.

ಹೂಲಿ ಎಂಬ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಶಾಲೆ ಬಿಟ್ಟಳು.

"ಶಾಣ್ಯಾ ಹುಡುಗಿ, ಯಾಕ ಬಿಟ್ಲೋ! ಹೆಡ್‌ಸ್ಕ್ರ್ಯಾಚರ್ ಅದರಿ ಸರ್," ಎಂದರು ಮಾಸ್ತರರು.

ಮರುದಿನ ಅವಳ ತಾಯಿಯೇ ಬಂದು ಅವರಿಗೆ ಬಿಡಿಸಿ ಹೇಳಿದಳು: "ಬಸ್ಸಿನ ಟೈಮ್ ಬದಲಾಗೇತ್ರಿ. ತಡಾ ಆದ್ರ ನೀವು ಮೊದಲನೇ ತಾಸು ಮುಗಿಯೂತನಕಾ ಹೊರಗ ನಿಂದರಸ್ತೀರಿ. ದಿನಾ ಎಲ್ಲಾರ ಮುಂದ ನಿಂತು ಅಕೀಗಿ ನಾಚಿಕಿ ಬಂದೈತ್ರಿ."

"ಶಿಸ್ತು ಬೇಕಲ್ಲಬೇ ಯವ್ವಾ."

"ಹಂಗಾರ ಆ ಡ್ರೈವರನ್ನ ನಿಂದರಸ್ರಿ!"

ವೇಳೆಯ ವಿಷಯದಲ್ಲಿ ನಾನು ಯಾರಿಗೂ ಸಡಿಲ ಬಿಟ್ಟವನಲ್ಲ. ಆದರೆ ಬಸ್ಸಿನ ತಪ್ಪಿಗೆ ಹುಡುಗಿಗೆ ಶಿಕ್ಷೆ ಎಂಬ ಲೆಕ್ಕ ನನಗೆ ಒಪ್ಪಿಗೆಯಾಗಲಿಲ್ಲ. ಅಂದೇ ಹೆಡ್‌ಮಾಸ್ತರರನ್ನು ಕಂಡು, ಆ ತರಗತಿಯಲ್ಲಿ ಮಾಸ್ತರರ ಮೊದಲ ತಾಸನ್ನು ನನ್ನ ಎರಡನೆಯದರೊಂದಿಗೆ ಬದಲಿಸಿಕೊಂಡು, ತಡವಾದರೂ ಬರಲಿ ಎಂದು ಹುಡುಗಿಯ ಮನೆಗೆ ಹೇಳಿ ಕಳಿಸಿದೆ. ಸೋಮವಾರ ಹುಡುಗಿ ತಡವಾಗಿಯೇ ಬಂದಳು, ನೇರವಾಗಿ ಒಳಗೆ ಹೋಗಿ ಕೂತು ಲೆಕ್ಕ ಬಿಡಿಸಿದಳು.

ಎರಡನೆಯ ತಾಸಿಗೆ ಬಂದ ಮಾಸ್ತರರು ಬಾಗಿಲಲ್ಲೇ ಅವಳನ್ನು ಕಂಡು ನನ್ನ ಕಡೆ ತಿರುಗಿದರು.

"ನೋಡ್ರಿ ಸರ್, ನನ್ನ ಶಿಸ್ತು ಹೆಂಗ ದಾರಿಗಿ ತಂತು ಅಕೀನ್ನ!"