ಹೊತ್ತು ಮುಳುಗಿದ ಮೇಲೆ ನನ್ನ ಹಿತ್ತಲು

ಮೊದಲು ಕಾಣಿಸಿಕೊಂಡದ್ದು ಮುಖದ ಮೇಲೆ. ಮೂಗಿನ ಎರಡೂ ಬದಿಗೆ, ಕೆನ್ನೆಯವರೆಗೆ, ಕೆಂಪು ಕಲೆ. ಯಾರೋ ಒದ್ದೆ ಕೈಯಿಂದ ಕುಂಕುಮ ಒರೆಸಿದ ಹಾಗೆ.

ಹಿಂದಿನ ದಿನ ಮಧ್ಯಾಹ್ನವೆಲ್ಲ ಹಿತ್ತಲಲ್ಲಿ ಬದನೆ ಸಸಿಗಳ ಬುಡ ಸಡಿಲಿಸುತ್ತ ಕೂತಿದ್ದೆ. ಬನಹಟ್ಟಿಯ ಬೇಸಿಗೆ ಬಿಸಿಲು, ಸುಟ್ಟಿರಬೇಕು ಅಂದುಕೊಂಡೆ. ಕೊಬ್ಬರಿ ಎಣ್ಣೆ ಹಚ್ಚಿದೆ. ಆದರೆ ರೊಟ್ಟಿ ಬಡಿಯಲು ಕೂತಾಗ ಬೆರಳುಗಳು ಮಡಚಲೇ ಒಲ್ಲವು. ಹಿಟ್ಟಿನ ಮುಂದೆ ಸುಮ್ಮನೆ ಕೂತೆ. ಕೈ ನನ್ನವೇ. ಮಾತು ಮಾತ್ರ ಕೇಳುತ್ತಿರಲಿಲ್ಲ.

ನಮ್ಮ ಮನೆಯ ಮುಂಭಾಗದಲ್ಲಿ ನನ್ನ ಗಂಡ ಶಿವಾನಂದರ ಪವರ್‌ಲೂಮುಗಳಿವೆ. ಬೆಳಗಿನಿಂದ ಅವುಗಳ ಖಟಖಟ. ನಡುವೆ ಅಡಿಗೆಮನೆ, ಮಲಗುವ ಕೋಣೆ. ನಾನು, ಅತ್ತೆ, ಮಗಳು ಅಕ್ಷತಾ. ಹಿಂದೆ ಹಿತ್ತಲು. ನಾನು ಸೊಸೆಯಾಗಿ ಬಂದಾಗ ಅಲ್ಲಿ ಮುರಿದ ಮಗ್ಗದ ಸಾಮಾನು, ಕಲ್ಲು, ಜಾಲಿ ಬಿಟ್ಟು ಬೇರೇನೂ ಇರಲಿಲ್ಲ. ಒಂದೊಂದೇ ಕಲ್ಲು ಎತ್ತಿ ಹಾಕಿ ಮಲ್ಲಿಗೆ, ಅಬ್ಬಲಿಗೆ, ಕರಿಬೇವು, ಒಂದು ಪೇರಲ ಗಿಡ ಬೆಳೆಸಿದೆ. ಮನೆ ಅವರೆಲ್ಲರದು. ಹಿತ್ತಲು ನನ್ನದು ಎಂದು ನಾನು ಯಾರಿಗೂ ಹೇಳಿರಲಿಲ್ಲ, ಆದರೆ ಹಾಗೇ ತಿಳಿದಿದ್ದೆ.

ಜಮಖಂಡಿಯ ಚರ್ಮದ ಡಾಕ್ಟರು ಮುಖ ನೋಡಿದ್ದು ಸ್ವಲ್ಪ ಹೊತ್ತು. ಕೇಳಿದ್ದೇ ಹೆಚ್ಚು. ಕೂದಲು ಉದುರುತ್ತವೆಯೇ? ಬಾಯಲ್ಲಿ ಹುಣ್ಣಾಗುತ್ತದೆಯೇ? ಬೆಳಗ್ಗೆ ಕೀಲು ಹಿಡಿಯುತ್ತವೆಯೇ? ಎಲ್ಲಕ್ಕೂ ಹೌದು ಅಂದೆ. ಬ್ಲಡ್ ಟೆಸ್ಟ್ ಬರೆದರು. ರಿಪೋರ್ಟ್ ನೋಡಿ ಬೆಳಗಾವಿಗೆ ಕಳಿಸಿದರು.

ಬೆಳಗಾವಿಯ ಡಾಕ್ಟರು ಹೆಣ್ಣುಮಗಳು. ನಮ್ಮ ಕಡೆಯ ಮಾತೇ ಆಡುತ್ತಿದ್ದರು.

“ಇದಕ್ಕ ಲೂಪಸ್ ಅಂತಾರ್ರಿ. ರೋಗದ ಜೋಡಿ ಹೊಡದಾಡೂ ಶಕ್ತಿ ನಿಮ್ಮ ಮೈಮ್ಯಾಲೇ ತಿರುಗಿ ಬಿದ್ದೈತಿ. ಪೂರ್ತಿ ಹೋಗೂದಿಲ್ಲ, ಆದ್ರ ಕಂಟ್ರೋಲ್‌ನ್ಯಾಗ ಇಡಬಹುದು. ಗುಳಗಿ ತಪ್ಪಸಬ್ಯಾಡ್ರಿ. ಬಿಸಲಿಗೆ ಹೋಗಬ್ಯಾಡ್ರಿ.”

“ಎಷ್ಟ ದಿನಾರೀ?” ಅಂದೆ.

“ಇನ್ನ ಯಾವಾಗೂ.”

ಊರಿಗೆ ಮರಳುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಜೊತೆಗಿದ್ದ ಗಂಡ ಎದ್ದು ನನ್ನನ್ನು ಒಳಗಿನ ಸೀಟಿಗೆ ಸರಿಸಿದರು.

ಮನೆಗೆ ಬಂದ ಮೇಲೆ ಅವರೇ ಕಿಟಕಿಗಳಿಗೆಲ್ಲ ದಪ್ಪ ಬಟ್ಟೆ ಕಟ್ಟಿದರು. ಪ್ರೀತಿಯಿಂದಲೇ ಕಟ್ಟಿದ್ದು. ಆದರೆ ಆ ಬಟ್ಟೆಯ ಹಿಂದೆ ನನಗೆ ಬೆಳಗು ಯಾವುದು, ಮಧ್ಯಾಹ್ನ ಯಾವುದು ತಿಳಿಯದಂತಾಯಿತು. ಮಗ್ಗದ ಸದ್ದು ಒಂದೇ ಸಮನೆ. ಸ್ಟೆರಾಯ್ಡ್ ಗುಳಿಗೆಗೆ ಮುಖ ಊದಿ ಗುಂಡಗಾಯಿತು. ನೋಡಲು ಬಂದ ಹೆಂಗಸರು, “ಛಲೋ ಆತಲ್ಲ, ಬಿಸಲಾಗ ದುಡಿಯೂದ ತಪ್ಪಿತು, ಆರಾಮ ನೆಳ್ಳಾಗ ಕುಂದರೂದು” ಅನ್ನುತ್ತಿದ್ದರು. ನಾನು ನಗುತ್ತಿದ್ದೆ. ಅವರು ಹೋದ ಮೇಲೆ ಬಟ್ಟೆಯ ಅಂಚು ಸರಿಸಿ ನೋಡುತ್ತಿದ್ದೆ. ಮಲ್ಲಿಗೆ ಬಳ್ಳಿಯ ತುದಿ ಒಣಗುತ್ತಿತ್ತು. ಬದನೆಗೆ ಹುಳ ಬಿದ್ದಿತ್ತು. ಹೆಜ್ಜೆ ಇಟ್ಟರೆ ಸಿಗುವಷ್ಟು ಹತ್ತಿರ. ಹೆಜ್ಜೆ ಇಡುವ ಹಾಗಿಲ್ಲ.

ಮುಂದಿನ ಸಲ ಬೆಳಗಾವಿಗೆ ಹೋದಾಗ ಡಾಕ್ಟರಿಗೆ ಇದೊಂದನ್ನೇ ಕೇಳಿದೆ: ಹಿತ್ತಲಿಗೆ ಯಾವಾಗ ಹೋಗಬಹುದು?

“ಹೊತ್ತ ಮುಳುಗಿದ ಮ್ಯಾಲ ಹೋಗ್ರಲಾ, ಯಾರ ಬ್ಯಾಡಂದಾರ?” ಎಂದು ನಕ್ಕರು. “ಹೋಗೂದಷ್ಟ ಅಲ್ಲ, ದಿನಾ ಸ್ವಲ್ಪ ಹೊತ್ತ ಸುಮ್ನ ಕುಂದರ್ರಿ. ಕೆಲಸಾ ಮಾಡಬ್ಯಾಡ್ರಿ. ದಣಿವಾದಷ್ಟೂ ಈ ರೋಗ ಜಾಸ್ತಿ ಆಕ್ಕೈತಿ.”

ಎಂಥ ಖುಷಿಯಿಂದ ಊರಿಗೆ ಬಂದೆ! ಆದರೆ ನಮ್ಮ ಮನೆಯಲ್ಲಿ ಆ ಹೊತ್ತು ಎಂಥದು ಎಂದು ಡಾಕ್ಟರಿಗೆ ಗೊತ್ತಿರಲಿಲ್ಲ.

ಬೆಳಗ್ಗೆ, ಸೂರ್ಯ ಹುಟ್ಟುವ ಮೊದಲು, ನನ್ನ ಕೀಲುಗಳು ಮರದ ತುಂಡಿನಂತಿರುತ್ತವೆ. ಹಾಸಿಗೆಯಿಂದ ಏಳುವುದೇ ಒಂದು ಕೆಲಸ. ಉಳಿದದ್ದು ಮುಸ್ಸಂಜೆ. ಮುಸ್ಸಂಜೆ ಎಂದರೆ ಚಹಾ, ದೇವರ ದೀಪ, ಮಗ್ಗದಿಂದ ಎದ್ದು ಬರುವ ಗಂಡನಿಗೆ ಬಿಸಿ ರೊಟ್ಟಿ. ಅದಕ್ಕಿಂತ ದೊಡ್ಡ ಮಾತೆಂದರೆ, ದೀಪ ಹಚ್ಚುವ ಹೊತ್ತಿಗೆ ನಮ್ಮ ಅತ್ತೆ ಮುಂಬಾಗಿಲು ತೆರೆದಿಟ್ಟು ಹಿಂಬಾಗಿಲಿಗೆ ಅಗಳಿ ಹಾಕುತ್ತಾರೆ. ಮುಂದಿನಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೋಗಬಾರದು ಎಂದು. ಅವರ ಅತ್ತೆಯೂ ಹಾಗೇ ಮಾಡುತ್ತಿದ್ದರಂತೆ.

ಅಂದರೆ ನಾನು ಹೊರಗೆ ಹೋಗಬಹುದಾದ ಒಂದೇ ಹೊತ್ತಿಗೆ ಬಾಗಿಲು ಹಾಕಿರುತ್ತಿತ್ತು.

ಒಮ್ಮೆ ಕೇಳಿ ನೋಡಿದೆ. “ದೀಪಾ ಹಚ್ಚೂ ಹೊತ್ತಿನ್ಯಾಗ ಮನಿ ಸೊಸಿ ಹಿತ್ತಲದಾಗ ಕುಂದರತಾಳೇನ? ನೋಡಿದವ್ರ ಏನಂದಾರ?” ಅಂದರು ಅತ್ತೆ. ಸಿಟ್ಟಿನಿಂದಲ್ಲ. ಉಪ್ಪು ನೆಲಕ್ಕೆ ಚೆಲ್ಲಬೇಡ ಎನ್ನುವಷ್ಟು ಸಹಜವಾಗಿ ಅಂದರು. ಗಂಡನಿಗೆ ಹೇಳಿದರೆ, “ಅವ್ವಗ ಯಾಕ ಎದರ ಮಾತಾಡೂದು? ಉಂಡ ಮ್ಯಾಲ ಕುಂದರಲಾ” ಎಂದರು. ಉಂಡು, ಪಾತ್ರೆ ತೊಳೆದು, ಅಡಿಗೆಮನೆ ಒರೆಸುವಷ್ಟರಲ್ಲಿ ನನ್ನ ಮೈಯಲ್ಲಿ ಹಾಸಿಗೆಯವರೆಗೆ ಹೋಗುವ ಕಸುವಷ್ಟೇ ಉಳಿದಿರುತ್ತಿತ್ತು.

ಯಾರೂ ನನ್ನನ್ನು ಕಟ್ಟಿಹಾಕಿರಲಿಲ್ಲ. ಜಗಳಕ್ಕೂ ಒಬ್ಬರು ಎದುರಿಗೆ ಬೇಕಲ್ಲ. ಇಲ್ಲಿ ಯಾರ ಮೇಲೆ ಸಿಟ್ಟಾಗಲಿ? ರೋಗದ ಮೇಲೋ, ಸೂರ್ಯನ ಮೇಲೋ, ಅಗಳಿಯ ಮೇಲೋ?

ಒಂದು ಮಧ್ಯಾಹ್ನ ಅತ್ತೆ ಮಲಗಿದ್ದರು. ಮಗಳು ಶಾಲೆಗೆ ಹೋಗಿದ್ದಳು. ನಾನು ಹಿಂಬಾಗಿಲು ತೆರೆದು ಹೊರಗೆ ಹೋದೆ. ಛತ್ರಿಯಿಲ್ಲ, ತಲೆಯ ಮೇಲೆ ಸೆರಗೂ ಇಲ್ಲ. ಪೇರಲ ಗಿಡದ ಕೆಳಗೆ ನೆಲಕ್ಕೇ ಕೂತೆ. ಅದರ ನೆರಳು ಅಷ್ಟಕ್ಕಷ್ಟೇ. ತೋಳಿನ ಮೇಲೆ ಬಿಸಿಲು ಬಿತ್ತು. ಎಷ್ಟೋ ತಿಂಗಳ ಮೇಲೆ ನನ್ನ ಮೈ ಬೆಚ್ಚಗಾಯಿತು. ಅಳು ಬಂತು. ಸಾಕು, ಏಳು ಎಂದು ಮನಸ್ಸು ಹೇಳುತ್ತಲೇ ಇತ್ತು. ಏಳಲಿಲ್ಲ.

ಎರಡು ದಿನದಲ್ಲಿ ಜ್ವರ ಏರಿತು. ಆಮೇಲೆ ಪಾದ ಊದಿದವು. ಮೂತ್ರದಲ್ಲಿ ನೊರೆ.

ಬೆಳಗಾವಿಯಲ್ಲಿ ಅಡ್ಮಿಟ್ ಮಾಡಿಕೊಂಡರು. ರೋಗ ಕಿಡ್ನಿಗೆ ಇಳಿದಿರಬಹುದು ಎಂದು ಬಯಾಪ್ಸಿ ಮಾಡಿದರು. ಇಳಿದಿತ್ತು. ಹೆಂಗಸರ ವಾರ್ಡಿನಲ್ಲಿ ರೋಗಿಯ ಜೊತೆ ಹೆಂಗಸರೇ ಇರಬೇಕಿತ್ತು. ಅತ್ತೆ ಬಂದರು. ಹಗಲೆಲ್ಲ ನನ್ನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಸಲೈನಿನ ಹನಿ ನೋಡುತ್ತಿದ್ದರು. ನಾವಿಬ್ಬರೂ ಅಷ್ಟು ಹೊತ್ತು, ಕೈಯಲ್ಲಿ ಕೆಲಸವಿಲ್ಲದೆ, ಹಿಂದೆಂದೂ ಜೊತೆಯಲ್ಲಿ ಕೂತಿರಲಿಲ್ಲ.

ರೌಂಡ್ಸಿಗೆ ಬಂದ ಡಾಕ್ಟರು ಫೈಲ್ ನೋಡಿ ಬೇಸರದಿಂದ ಕೇಳಿದರು: “ಬಿಸಲಿಗೆ ಯಾಕ ಹ್ವಾದ್ರಿ? ಅಷ್ಟ ಸಲ ಹೇಳೇನಲ್ಲರಿ. ಸಂಜೀಕ ಹೋಗ್ರಿ ಅಂದಿದ್ನಿ.”

ನಾನು ಗೋಡೆ ನೋಡಿದೆ.

ಅತ್ತೆ ಸ್ಟೂಲಿನಿಂದ ಎದ್ದು ನಿಂತರು. “ಆಕಿನ್ನ ಬೈಬ್ಯಾಡ್ರಿ ಡಾಕ್ಟರ. ಸಂಜೀಕ ನಾ ಬಾಗಲಾ ಹಾಕತಿದ್ನಿ. ಆಕಿ ಮತ್ತ ಯಾವಾಗ ಹೋಗಬೇಕ್ರೀ?”

ವಾರ್ಡಿನಲ್ಲಿ ಅಕ್ಕಪಕ್ಕದ ಮಂಚದವರೂ ಕೇಳುತ್ತಿದ್ದರು. ಅತ್ತೆ ಧ್ವನಿ ತಗ್ಗಿಸಲಿಲ್ಲ. ಡಾಕ್ಟರು ಅವರನ್ನೂ ನೋಡಿದರು, ನನ್ನನ್ನೂ ನೋಡಿದರು. ಫೈಲ್ ಮುಚ್ಚಿದರು. “ಹಂಗಾದ್ರ ಇನ್ನ ಬಾಗಲಾ ತಗೀರಿ ಅಮ್ಮಾ,” ಎಂದಷ್ಟೇ ಹೇಳಿ ಮುಂದಿನ ಮಂಚಕ್ಕೆ ಹೋದರು.

ಊರಿಗೆ ಬಂದು ಮೂರು ನಾಲ್ಕು ದಿನ ಕಳೆದ ಮೇಲೆ, ಒಂದು ಸಂಜೆ ಅತ್ತೆ ಪ್ಲಾಸ್ಟಿಕ್ ಕುರ್ಚಿಯನ್ನು ತಾವೇ ಎಳೆದುಕೊಂಡು ಹೋಗಿ ಹಿತ್ತಲಲ್ಲಿ ಹಾಕಿದರು.

“ನೀ ಹೋಗಿ ಕುಂದರು. ನೀ ಹೊರಗ ಹ್ವಾದ ಮ್ಯಾಲ ನಾ ಅಗಳಿ ಹಾಕತೇನಿ. ಲಕ್ಷ್ಮೀನೂ ಒಳಗ ಇರತಾಳ, ನೀನೂ ಹೊರಗ ಇರತಿ. ಸಾಕಾದ ಮ್ಯಾಲ ಬಾಗಲಾ ಬಡಿ.”

ಹೀಗೆ ಇಷ್ಟು ದಿನ ಮನೆಯೊಳಗೆ ಸಿಕ್ಕಿಬಿದ್ದಿದ್ದವಳು ಹಿತ್ತಲಲ್ಲಿ ಸಿಕ್ಕಿಬಿದ್ದೆ. ನನಗೆ ನಗು ತಡೆಯಲಾಗಲಿಲ್ಲ.

ಕೂರುವುದು ಸುಲಭ ಎಂದುಕೊಂಡಿದ್ದೆ. ಅಲ್ಲ. ಮೊದಲ ದಿನಗಳಲ್ಲಿ ಕಿವಿಯೆಲ್ಲ ಒಳಗೇ. ಹಾಲು ಉಕ್ಕಿತೇ? ಅಕ್ಷತಾ ಏನಾದರೂ ಕೇಳಿದಳೇ? ಕೈ ತಾನಾಗಿ ಕಸ ಕೀಳಲು ಚಾಚುತ್ತಿತ್ತು. ಕತ್ತಲಲ್ಲಿ ಕಸ ಯಾವುದು, ಸಸಿ ಯಾವುದು ಕಾಣದೆ ಒಂದು ಬದನೆ ಸಸಿಯನ್ನೇ ಕಿತ್ತೆ. ಆಮೇಲೆ ಕೈ ಮಡಿಲಲ್ಲಿಟ್ಟುಕೊಂಡು ಕೂತೆ. ರೊಟ್ಟಿಯನ್ನು ಈಗ ಮಧ್ಯಾಹ್ನವೇ ಬಡಿದಿಡುತ್ತೇನೆ. ಗಂಡ ಮೊದಲ ದಿನ ಆರಿದ ರೊಟ್ಟಿ ಮುರಿಯುತ್ತ ಏನೋ ಹೇಳಲು ಬಾಯಿ ತೆರೆದರು. ಅವರ ಅವ್ವ ಪಲ್ಯದ ಪಾತ್ರೆ ತಟ್ಟೆಯ ಪಕ್ಕಕ್ಕೆ ಸರಿಸಿದರು. ಗಂಡ ಪಲ್ಯ ಹಚ್ಚಿಕೊಂಡು ಉಂಡರು.

ಎಲ್ಲವೂ ಸರಿಹೋಗಿದೆ ಎಂದು ಹೇಳಲಾರೆ. ಹಬ್ಬವಿದ್ದರೆ ಕೂರುವುದು ತಪ್ಪುತ್ತದೆ. ಕೀಲು ಊದಿದ ದಿನ ಕುರ್ಚಿಯವರೆಗೂ ಹೋಗಲಾಗುವುದಿಲ್ಲ. ಅಬ್ಬಲಿಗೆಯ ಕೇಸರಿ ಬಣ್ಣವನ್ನು ನಾನು ಬೆಳಕಿನಲ್ಲಿ ನೋಡಿ ಬಹಳ ಕಾಲವಾಯಿತು; ಮುಸ್ಸಂಜೆಯಲ್ಲಿ ಅದು ಬರೀ ಬೂದಿ ಬಣ್ಣ. ಹೋದ ತಿಂಗಳ ರಿಪೋರ್ಟಿನಲ್ಲಿ ಮೂತ್ರದಲ್ಲಿ ಹೋಗುವ ಪ್ರೋಟೀನ್ ಇಳಿದಿತ್ತು. “ಸದ್ಯಕ್ಕ ಛಲೋ ಐತಿ,” ಎಂದರು ಡಾಕ್ಟರು. ಸದ್ಯಕ್ಕೆ ಎಂಬ ಮಾತಿನ ಜೊತೆ ಬದುಕುವುದನ್ನು ಕಲಿಯುತ್ತಿದ್ದೇನೆ.

ಮೊನ್ನೆ ಸಂಜೆ ತೇರದಾಳದಿಂದ ಅತ್ತೆಯ ನಾದಿನಿ ಹೇಳದೆ ಕೇಳದೆ ಬಂದರು. ನಾನು ಹಿತ್ತಲಲ್ಲಿದ್ದೆ. ಬಾಗಿಲ ಆಚೆಯಿಂದ ಮಾತು ಕೇಳುತ್ತಿತ್ತು.

“ಸುವರ್ಣಾ ಎಲ್ಲಿ? ಕಾಣವಲ್ಲಳು.”

“ಹಿತ್ತಲದಾಗ ಕುಂತಾಳ.”

“ಈ ಹೊತ್ತಿನ್ಯಾಗ? ಏನ ಮಾಡಾಕತ್ತಾಳ?”

ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಹೋಗಿ ಬಾಗಿಲು ಬಡಿಯಬೇಕು ಅಂದುಕೊಂಡೆ.

“ಏನೂ ಮಾಡಾಕತ್ತಿಲ್ಲ,” ಎಂದರು ಅತ್ತೆ. “ಸುಮ್ನ ಕುಂತಾಳ. ನೀ ಕುಂದರು, ಚಾ ನಾ ಮಾಡತೇನಿ.”

ನಾನು ಮತ್ತೆ ಕೂತೆ. ಒಳಗೆ ಒಲೆಯ ಮೇಲೆ ಪಾತ್ರೆ ಇಟ್ಟ ಸದ್ದಾಯಿತು.