ಹಸಿ ಕಡಲೆಯ ಬಣ್ಣ

ನಮ್ಮ ಮನೆ ಬ್ಯಾಡಗಿಯಲ್ಲಿದೆ. ನಾನು ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ನನ್ನ ಹೆಂಡತಿ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಹೊಲಿಗೆಗಿಂತ ಹೆಚ್ಚಾಗಿ ಅವಳು ಹೆಸರು ಮಾಡಿದ್ದು ದಾರ ಆರಿಸುವುದರಲ್ಲಿ. ಸೀರೆಯನ್ನು ಒಮ್ಮೆ ನೋಡಿದರೆ ಸಾಕು, ಡಬ್ಬಿಗೆ ಕೈ ಹಾಕಿ ಅದಕ್ಕೆ ಒಪ್ಪುವ ರೀಲನ್ನು ಸೀದಾ ಎತ್ತಿಕೊಳ್ಳುತ್ತಿದ್ದಳು. ಕಾಗಿನೆಲೆ, ಮೋಟೆಬೆನ್ನೂರಿನಿಂದೆಲ್ಲ ಹೆಂಗಸರು ಬಟ್ಟೆ ಹಿಡಿದುಕೊಂಡು ಬರುತ್ತಿದ್ದರು.

ಮೂರು ವರ್ಷದ ಹಿಂದೆ ಒಬ್ಬಾಕೆ ರವಿಕೆ ವಾಪಸು ತಂದಳು. ನೇರಳೆ ಬಟ್ಟೆಗೆ ಕಂದು ದಾರ ಬಿದ್ದಿತ್ತು. ದೀಪದ ಬೆಳಕು ಸಾಲಲಿಲ್ಲ ಅಂದಳು ನನ್ನವಳು. ನಾನೂ ನಂಬಿ ಹೊಸ ಬಲ್ಬು ಹಾಕಿದೆ. ಆಮೇಲೆ ಅಂಥವೇ ಇನ್ನೆರಡು ರವಿಕೆ ತಿರುಗಿ ಬಂದವು. ಹಾವೇರಿಯ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ಹುಬ್ಬಳ್ಳಿಗೆ ಕಳಿಸಿದರು. ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ಬರುವುದಿಲ್ಲ, ಇರುವುದೂ ಮೆಲ್ಲಗೆ ಹೋಗುತ್ತದೆ ಎಂದು ಹುಬ್ಬಳ್ಳಿಯವರು ಹೇಳಿದರು. ಎಷ್ಟು ದಿನಕ್ಕೆ ಎಂದು ಕೇಳಿದೆ. ಡಾಕ್ಟರು ತಲೆ ಎತ್ತದೆ ಚೀಟಿ ಬರೆಯುತ್ತಲೇ ಇದ್ದರು.

ವಾಪಸು ಬರುವ ಬಸ್ಸು ಹತ್ತಿದೆವು. ಶಿಗ್ಗಾಂವಿ ದಾಟಿದ ಮೇಲೆ ಅವಳೇ ಬಾಯಿ ಬಿಟ್ಟಳು.

"ರೀ, ಮನಿಗೆ ಬಣ್ಣಾ ಹಚ್ಚಸೋಣ."

"ಈಗ?"

"ಈಗಲ್ದ ಮತ್ಯಾವಾಗ್ರಿ? ಕಾಣೋದ್ರಾಗ ಒಮ್ಮೆ ನೋಡ್ತೇನಿ."

ನಮ್ಮ ಗೋಡೆಗಳಿಗೆ ಮನೆ ಕಟ್ಟಿದಾಗ ಹಚ್ಚಿಸಿದ ಅಗ್ಗದ ಡಿಸ್ಟೆಂಪರ್ ಇತ್ತು. ಒರಗಿ ಕೂತರೆ ಅಂಗಿಗೆಲ್ಲ ಪುಡಿ. ಬೇರೆ ಬಣ್ಣ ಹಚ್ಚಿಸಿ ಎಂದು ಅವಳು ಹತ್ತು ವರ್ಷದಿಂದ ಕೇಳುತ್ತಿದ್ದಳು. ನಾನು ಮುಂದಿನ ದೀಪಾವಳಿ, ಮುಂದಿನ ಯುಗಾದಿ ಎಂದು ತಳ್ಳುತ್ತ ಬಂದಿದ್ದೆ. ತಳ್ಳಿದ ಆ ವರ್ಷಗಳಲ್ಲೆಲ್ಲ ಅವಳ ಕಣ್ಣು ಚೆನ್ನಾಗಿತ್ತು.

ಮುಂದಿನ ಭಾನುವಾರ ರಾಣೆಬೆನ್ನೂರಿನ ಬಣ್ಣದ ಅಂಗಡಿಗೆ ಹೋದೆವು. ಮಾಲಕರು ವಯಸ್ಸಾದವರು, ಮಾರಿಬಿಡುವ ಅವಸರ ಇಲ್ಲದವರು. ನಾನು ಅಭ್ಯಾಸದಂತೆ ಎಲ್ಲಕ್ಕಿಂತ ಅಗ್ಗದ್ದು ಯಾವುದು ಎಂದೆ.

"ಅಗ್ಗದ್ದು ಒಯ್ದ್ರ ಎರಡು ಸಲ ಹಚ್ಚಿದ್ರೂ ಗ್ವಾಡಿ ಮುಚ್ಚಂಗಿಲ್ರಿ," ಅಂದರು. "ಮೂರನೇ ಸಲಕ್ಕ ಮತ್ತ ಒಯ್ಯಬೇಕು, ಕೂಲಿನೂ ಕೊಡಬೇಕು. ಹಂಗಂತ ಭಾಳ ತುಟ್ಟೀದೂ ಬ್ಯಾಡ, ಅದು ಬರೇ ಹೊಳಪು. ಈ ನಡುವಿಂದು ಎಮಲ್ಷನ್ ಒಯ್ರಿ, ಹಸಿ ಅರಬಿಲೆ ಒರಸಿದ್ರ ಕಲೆ ಹೋಗತೈತಿ. ಮ್ಯಾಲ ಛತ್ತಿಗೆ ಡಿಸ್ಟೆಂಪರ್ ಸಾಕು, ಅಲ್ಲೇನು ಯಾರ ಕೈ ಹತ್ತಂಗಿಲ್ಲ."

"ದಿನಾ ಕೈ ಆಡಿಸಿದ್ರ ತಡೀತೈತೇನ್ರಿ?" ಎಂದು ಕೇಳಿದಳು ನನ್ನ ಹೆಂಡತಿ.

"ಮನ್ಯಾಗ ಸಣ್ಣ ಹುಡುಗ್ರು ಅದಾವೇನವ್ವಾ?"

"ಇಲ್ರಿ, ನಾವಿಬ್ಬರ. ನಾನ ಗ್ವಾಡಿ ಹಿಡಕೊಂಡು ಅಡ್ಡಾಡೋದು ಬರತೈತಿ."

ಮಾಲಕರು ಬಣ್ಣ ಹಚ್ಚಿದ ಮಾದರಿ ಹಲಗೆಯೊಂದನ್ನು ತೆಗೆದು, ಒದ್ದೆ ಬೆರಳಿನಿಂದ ಗಟ್ಟಿಯಾಗಿ ತಿಕ್ಕಿ, ಅವಳ ಕೈಗೇ ಕೊಟ್ಟರು. ಅವಳು ಅಂಗೈಯಿಂದ ಸವರಿ, "ಇದ ಇರ್ಲಿ" ಅಂದಳು.

ನಡುಮನೆಗೆ ಯಾವ ಬಣ್ಣ ಎಂಬುದನ್ನು ಅವಳು ಬಸ್ಸಿನಲ್ಲೇ ನಿಶ್ಚಯಿಸಿದ್ದಳು. ಸಿಪ್ಪೆ ಬಿಡಿಸಿದ ಹಸಿ ಕಡಲೆಯ ಎಳೆ ಹಸಿರು. ಬಣ್ಣದ ಪಟ್ಟಿಯ ಪುಸ್ತಕವನ್ನು ಬಾಗಿಲ ಬಿಸಿಲಿಗೆ ಒಯ್ದು, ಕಣ್ಣ ಹತ್ತಿರ ಹಿಡಿದು, ಒಂದೊಂದೇ ಚೌಕ ನೋಡಿದಳು. ಕೊನೆಗೆ ಒಂದರ ಮೇಲೆ ಬೆರಳಿಟ್ಟಳು. ಸೆರಗಿನ ಪಿನ್ನು ತೆಗೆದು ಅದೇ ಚೌಕಕ್ಕೆ ಚುಚ್ಚಿದಳು. "ಇದ ನೋಡ್ರಿ ನನ್ನ ಮನಸಿನ್ಯಾಗ ಇದ್ದದ್ದು."

ಅದು ಬೂದಿ ಬಣ್ಣ. ಹಸಿರು ಅದಕ್ಕಿಂತ ಎರಡು ಚೌಕ ಮೇಲಿತ್ತು.

ಮಾಲಕರು ನನ್ನ ಮುಖ ನೋಡಿದರು. "ಭಾಳ ಚಂದೈತಿ," ಅಂದೆ ನಾನು. ಅವಳು ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಿದ್ದಳು. ಅವಳನ್ನು ಬೆಂಚಿನ ಮೇಲೆ ಕೂರಿಸಿ, ಒಳಗೆ ಹೋಗಿ ಹಸಿರಿನ ನಂಬರು ಹೇಳಿದೆ. ಬಣ್ಣ ಕಲಸಿದ ಮೇಲೆ ಅವರು ಮುಚ್ಚಳ ತೆಗೆದು ನನಗೊಬ್ಬನಿಗೇ ತೋರಿಸಿ ಮುಚ್ಚಿದರು. ಬರುವಾಗ ಅವಳು ಪಟ್ಟಿಯ ಪುಸ್ತಕವನ್ನೂ ಕೇಳಿ ಇಸಿದುಕೊಂಡಳು.

ಕೆಲಸ ಐದು ದಿನ ನಡೆಯಿತು. ಆರನೆಯ ದಿನ ಸಂಜೆ ನಾನು ಅಂಗಡಿಯಿಂದ ಬಂದಾಗ ಅವಳು ಹೊಸ ಗೋಡೆಯ ಎದುರು ನೆಲದ ಮೇಲೆ ಕೂತಿದ್ದಳು. ತೊಡೆಯ ಮೇಲೆ ಆ ಪುಸ್ತಕ. ಮಧ್ಯಾಹ್ನ ಪಕ್ಕದ ಮನೆಯಾಕೆ ಬಂದು ಏನು ಚಂದ ಹಸಿರು ಎಂದು ಹೊಗಳಿದ್ದಳಂತೆ. ಇವಳು ಸಂಭ್ರಮದಿಂದ ಪಿನ್ನು ಚುಚ್ಚಿದ ಚೌಕ ತೋರಿಸಿದ್ದಳು. ಆಕೆ ಪಾಪ, ಕಂಡದ್ದನ್ನು ಹೇಳಿದ್ದಳು.

"ಯಾಕ ಸುಳ್ಳು ಹೇಳಿದ್ರಿ?"

"ನಿನಗ ಬೇಕಾಗಿದ್ದು ಹಸರಲ್ಲೇನು? ಅದನ್ನ ತಂದೇನಿ."

"ಅಂಗಡ್ಯಾಗ ಹೇಳಿದ್ರ ಅಳತಿದ್ದೆ. ಅತ್ತು ಸುಮ್ಮನಾಕ್ಕಿದ್ದೆ." ಅವಳ ದನಿ ಏರಲಿಲ್ಲ. "ಇನ್ನ ಮ್ಯಾಲ ನೀವು ಹೇಳಿದ್ದನ್ನ ನಂಬಿ ನಾ ಬದುಕಬೇಕ್ರಿ. ಮೊದಲನೇದ ಸುಳ್ಳಾತು."



ಮರುವಾರ ದೇವರಗುಡ್ಡದ ತನ್ನ ತಂಗಿಯನ್ನು ಕರೆಸಿ ಹೊಲಿಗೆ ಯಂತ್ರ, ದಾರದ ಡಬ್ಬಿ ಎರಡನ್ನೂ ಕೊಟ್ಟು ಕಳಿಸಿದಳು. ಈಗ ಅವಳಿಗೆ ಬಾಗಿಲು ಕಿಟಕಿಯ ಬೆಳಕಷ್ಟೇ ತಿಳಿಯುತ್ತದೆ. ಓಣಿಯ ಹೆಂಗಸರ ಜೊತೆ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುತ್ತಾಳೆ. ಆ ಕೆಲಸಕ್ಕೆ ಬೆರಳು ಸಾಕು. ನನ್ನ ಜೊತೆ ಜಗಳವಿಲ್ಲ, ಊಟ ಬಡಿಸುವುದು ತಪ್ಪಿಲ್ಲ. ಆದರೆ ನಾನು ಏನಾದರೂ ಹೇಳಿದರೆ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಹೂಂ ಅನ್ನುತ್ತಾಳೆ. ಆ ಒಂದು ಗಳಿಗೆಯಲ್ಲಿ ನನ್ನ ಮಾತನ್ನು ಅವಳು ತೂಗುತ್ತಾಳೆ ಎಂದು ನನಗೆ ಗೊತ್ತು.

ಹೋದ ತಿಂಗಳು ತಲೆ ಬಾಚಿಕೊಳ್ಳುತ್ತ ಕೇಳಿದಳು, "ನನ್ನ ಕೂದಲಾ ಎಷ್ಟು ಬೆಳ್ಳಗಾಗ್ಯಾವ್ರಿ?"

"ಅರ್ಧಕ್ಕಿಂತ ಜಾಸ್ತಿ," ಅಂದೆ.

ಅವಳ ಕೈಯ ಬಾಚಣಿಗೆ ನಿಂತಿತು. ನಾನು ಕಾದೆ. ನಿಜವನ್ನೇ ಹೇಳಿದ್ದೆ, ಆದರೂ ಅವಳು ಹೂಂ ಅನ್ನಲಿಲ್ಲ. ಕೂದಲನ್ನು ಮುಂದಕ್ಕೆ ಎಳೆದುಕೊಂಡು ಮತ್ತೆ ಬಾಚತೊಡಗಿದಳು.