ಶಿಕಾರಿಪುರದ ಬಾರಿನಲ್ಲಿ ಡ್ರಮ್ಮಿಲ್ಲದ ಹಾಡು

ಮಧ್ಯಾಹ್ನ, ಶಿಕಾರಿಪುರ ಬಸ್‌ಸ್ಟ್ಯಾಂಡಿನ ಎದುರಿನ ಬಾರು. ನಮ್ಮ ರಾಕ್ ಬ್ಯಾಂಡನ್ನು ಬದಿಗಿಟ್ಟು ನಾನೂ ಸಲೀಮನೂ ಕ್ಯಾಸೆಟ್ ಕೇಳಿ ಕಲಿತ ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಹಾಡುಗಳನ್ನು ಸಣ್ಣ ಬಾರುಗಳಲ್ಲಿ ಹಾಡುತ್ತ ಸೊರಬದ ಕಡೆ ಹೊರಟಿದ್ದೆವು. ಆ ಹಾಡುಗಳಿಗೆ ಡ್ರಮ್ ಬೇಡ.

ಎರಡನೇ ಹಾಡಿಗೆ ಎದುರಿನ ಮೇಜಿನ ಮುದುಕರೊಬ್ಬರು ತುಂಬಿದ ಗ್ಲಾಸನ್ನು ದೂರ ತಳ್ಳಿ, ಚಪ್ಪಲಿ ಕಳಚಿ ಕುಳಿತರು. ಅವರು ಕುಪ್ಪಗಡ್ಡೆ ಎಂಬ ಹಳ್ಳಿಯವರು, ಹೆಣದ ಮುಂದೆ ಭಜನೆ ಹಾಡುವವರು ಎಂದು ಬಾರಿನವನು ಹೇಳಿದ.

"ಸತ್ತೋರ ಪದಕ್ಕೆ ಕುಡೀಬಾರ್ದು ಕಣ್ರೀ. ಯಾರು ತೀರ್ಕಂಡಿದ್ದು?"

"ಯಾರೂ ಇಲ್ಲ. ಕುದುರೆ ಕಳೆದುಕೊಂಡವನ ಹಾಡು ಇದು" ಎಂದೆ.

"ದನೀಲೇ ಗೊತ್ತಾಗ್ತತಿ. ಹೆಸ್ರು ಹೇಳ್ದೆ ಹಾಡಿದ್ರೆ ಅವ್ರಿಗೆ ಮುಟ್ಟಲ್ಲ."

ಸಲೀಂ ಗಿಟಾರು ನಿಲ್ಲಿಸಿದ. ಮೈಕಿಗೆ ಬಾಗಿ ನಮ್ಮ ಡ್ರಮ್ಮರನ ಹೆಸರು ಹೇಳಿದ. ಅವನನ್ನು ಮಣ್ಣು ಮಾಡಿ ಬಂದಂದಿನಿಂದ ನಾವಿಬ್ಬರೂ ಬಾಯಿಗೆ ತರದ ಹೆಸರು.